ಗೋಡೆ ಸಂದಿನ ನುಸಿ

ಹಿರಿಯೂರಿನ ಸರ್ಕಾರಿ ದವಾಖಾನೆಯಲ್ಲಿ ನಾನು ಸೂಲಗಿತ್ತಿಯ ಕೆಲಸಕ್ಕೆ ಸೇರಿ ಆಗ ನಾಲ್ಕೈದು ವರ್ಷವಾಗಿತ್ತು. ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಿದ್ದ ನನ್ನನ್ನು ತಂದೆ ಬೆಂಗಳೂರಿಗೆ ಕಳಿಸಿ ಹೆರಿಗೆ ಮಾಡಿಸುವ ವಿದ್ಯೆ ಕಲಿಸಿದ್ದರು. ಅದಕ್ಕಾಗಿ ನಮ್ಮ ನೆಂಟರಲ್ಲಿ ಅರ್ಧ ಜನ ಅವರ ಜೊತೆ ಮಾತು ಬಿಟ್ಟಿದ್ದರು. ನದಿಯ ಕಡೆಯ ಬೀದಿಯಲ್ಲಿ ನನಗೊಂದು ಮಣ್ಣಿನ ಗೋಡೆಯ ಮನೆ ಇತ್ತು. ಮಗ್ಗುಲಲ್ಲೇ ಪಕ್ಕದ ಮನೆಯವರ ದನದ ಕೊಟ್ಟಿಗೆ. ಒಬ್ಬಳೇ ಇರುತ್ತಿದ್ದೆ. ಹೆಂಗಸರು ನನ್ನನ್ನು ‘ದವಾಖಾನೆ ಅಮ್ಮ’ ಎನ್ನುತ್ತಿದ್ದರು.

ಒಂದು ಸಂತೆಯ ದಿನ ಮಧ್ಯಾಹ್ನ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗನ್ನು ಮುಖದವರೆಗೆ ಎಳೆದುಕೊಂಡು ನನ್ನ ಮನೆಯ ಬಾಗಿಲಲ್ಲಿ ನಿಂತಳು. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಖಾಲಿ ಬುಟ್ಟಿ. ಸಂತೆಗೆ ಬಂದವಳು ಇನ್ನೂ ಏನನ್ನೂ ಕೊಂಡಿರಲಿಲ್ಲ.

“ದವಾಖಾನೆಗೆ ಬರ್ರಿ, ಅಲ್ಲೇ ನೋಡ್ತೀನಿ” ಎಂದೆ.

“ಅಲ್ಲಿ ಬ್ಯಾಡ್ರಮ್ಮ. ಇದು ಅಲ್ಲಿ ಹೇಳೋ ಮಾತಲ್ಲ.”

ಒಳಗೆ ಕರೆದು ಕೂರಿಸಿದೆ. ಅವಳು ಹೇಳಿದ್ದು ಇಷ್ಟು. ಅವಳ ಊರು ಐಮಂಗಲದ ಕಡೆಯ ಒಂದು ಹಳ್ಳಿ. ಎರಡು ಮಕ್ಕಳ ತಾಯಿ. ಗಂಡನ ತಂಗಿಯನ್ನು ಮದ್ರಾಸಿನ ಅರಳೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ಹುಡುಗನಿಗೆ ಕೊಟ್ಟಿದ್ದರು. ಅವನು ಜ್ವರ ಬಂದು ಅಲ್ಲೇ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹುಡುಗಿ ತವರಿಗೆ ಬಂದು ಅಣ್ಣ ಅತ್ತಿಗೆಯ ಜೊತೆ ಇದ್ದಳು. ಈಗ ನಾಲ್ಕು ತಿಂಗಳಿಂದ ಅವಳು ಮುಟ್ಟಾಗಿಲ್ಲ. ಹೊಟ್ಟೆ ಮುಂದಕ್ಕೆ ಬಂದಿದೆ.

“ಯಾರಿಗೂ ಗೊತ್ತಾಗದಂಗೆ ತೆಗೆದುಬಿಡ್ರಮ್ಮ” ಎಂದಳು. “ನಮ್ಮೆಜಮಾನ್ರು ಅನ್ನ ಬಿಟ್ಟವ್ರೆ. ಇವತ್ತಲ್ಲ ನಾಳೆ ಆ ಹುಡುಗಿ ಬಾವಿಗೆ ಬೀಳ್ತಾಳೆ, ಇಲ್ಲ ಅವರು ಬೀಳ್ತಾರೆ.”

“ಅಂಥ ಕೆಲಸ ನಾನು ಮಾಡಲ್ಲ. ಬೇಕಾದರೆ ಬಂದು ನೋಡ್ತೀನಿ.”

ಅವಳು ಖಾಲಿ ಬುಟ್ಟಿಯ ಅಂಚನ್ನು ಸವರಿದಳು. ಆಮೇಲೆ, “ನಾಳೆ ಗಾಡಿ ಕಳಿಸ್ತೀನಿ. ನಂಗೆ ಹುಷಾರಿಲ್ಲ, ಅದಕ್ಕೆ ಬಂದ್ರಿ ಅಂತ ಹೇಳ್ರಿ” ಎಂದು ಎದ್ದು ಹೋದಳು.

ಮಾರನೆಯ ದಿನ ಗಾಡಿ ಬಂತು. ಹಳ್ಳಿ ತಲುಪಿದಾಗ ಅಣ್ಣ ಜಗುಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ದಾರಿ ಬಿಟ್ಟ. ಹುಡುಗಿಯನ್ನು ಕಾಳು ತುಂಬಿಡುವ ಕೋಣೆಯಲ್ಲಿ ಇರಿಸಿದ್ದರು. ಎರಡು ತಿಂಗಳಿಂದ ಅವಳು ಹಗಲಿನಲ್ಲಿ ಹೊರಗೆ ಬಂದಿರಲಿಲ್ಲವಂತೆ. ಬಾಗಿಲು ತೆರೆದಾಗ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಕೈಕಾಲು ಕಡ್ಡಿಯಾಗಿದ್ದವು. ಕೂದಲು ಉದುರಿ ಬೈತಲೆ ಅಗಲವಾಗಿತ್ತು. ಮುಖ ಕಪ್ಪಿಟ್ಟಿತ್ತು. ಬಿಸಿಲಿಗೆ ಸುಟ್ಟ ಕಪ್ಪಲ್ಲ ಅದು, ಬೂದಿಯನ್ನು ಕಲಸಿದಂಥ ಕಪ್ಪು. ಹೊಟ್ಟೆ ಮಾತ್ರ ಎದ್ದು ಕಾಣುತ್ತಿತ್ತು.

“ಯಾರದು ಅಂತ ಕೇಳಾಕೆ ನೀವೂ ಬಂದ್ರಾ?” ಎಂದಳು.

“ಇಲ್ಲ ಕಣಮ್ಮ. ಮುಟ್ಟಿ ನೋಡಾಕೆ ಬಂದೆ. ಮಲಕ್ಕ.”

ಅವಳು ಮಲಗಿದಳು. ಅಲ್ಲಿಯವರೆಗೆ ನಾನೂ ಅತ್ತಿಗೆಯ ಮಾತನ್ನೇ ನಂಬಿಕೊಂಡಿದ್ದೆ. ಆ ಹುಡುಗಿಗೆ ಸಮಾಧಾನ ಹೇಳುವ ಮಾತುಗಳನ್ನು ದಾರಿಯುದ್ದಕ್ಕೂ ಗಾಡಿಯಲ್ಲಿ ಕೂತು ಜೋಡಿಸಿಕೊಂಡಿದ್ದೆ. ಕೈಯಿಟ್ಟ ಮೇಲೆ ಅವೆಲ್ಲ ಮರೆತುಹೋದವು. ಬಸುರಿಯ ಗರ್ಭ ಕಿಬ್ಬೊಟ್ಟೆಯ ನಡುವಿನಿಂದ ಮೇಲಕ್ಕೆ ಏಳುತ್ತದೆ. ಇವಳ ಕಿಬ್ಬೊಟ್ಟೆ ಮೆತ್ತಗೆ, ಖಾಲಿಯಾಗಿತ್ತು. ಕೈಯನ್ನು ಎಡಕ್ಕೆ ಸರಿಸಿದೆ. ಪಕ್ಕೆಲುಬಿನ ಅಡಿಯಿಂದ ಗಟ್ಟಿಯಾದ ಒಂದು ಗಡ್ಡೆ ಹೊಕ್ಕುಳನ್ನೂ ದಾಟಿ ಕೆಳಗೆ ಇಳಿದಿತ್ತು. ಅದರ ಅಂಚಿನಲ್ಲಿ ಬೆರಳು ಕೂರುವಷ್ಟು ಒಂದು ಕಚ್ಚು. ಅವಳು ಉಸಿರೆಳೆದಾಗ ಗಡ್ಡೆಯೂ ಕೆಳಗೆ ಜಾರುತ್ತಿತ್ತು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು.

“ಜ್ವರ ಎಷ್ಟು ದಿನದಿಂದ?”

“ಮದ್ರಾಸಿನಿಂದ ಬಂದ ಮ್ಯಾಲೆ ಬಿಟ್ಟೇ ಇಲ್ಲಕ್ಕ. ಬರ್ತೈತೆ, ಹೋಗ್ತೈತೆ. ಆದ್ರೂ ಹಸಿವು ಇರ್ತೈತೆ. ಜ್ವರ ಇರೋಳು ಹಿಂಗೆ ಉಣ್ತಾಳಾ, ಇದು ಬಸುರಿ ಹಸಿವು ಅಂತಾರೆ.”

ಅತ್ತಿಗೆಯನ್ನು ಹತ್ತಿರ ಕರೆದು, ಇದು ಬಸುರಲ್ಲ, ಬಿಡದ ಜ್ವರಕ್ಕೆ ಗುಲ್ಮ ಊದಿಕೊಂಡ ಜ್ವರಗಡ್ಡೆ ಎಂದೆ. ಅವಳು ನಂಬಲಿಲ್ಲ.

“ತೆಗೆಯಾಕೆ ಮನಸ್ಸಿಲ್ಲ ಅಂದ್ರೆ ಹಂಗೇ ಹೇಳ್ರಿ. ಸುಳ್ಳು ಯಾಕೆ ಹೇಳ್ತೀರಿ?”

ನಾನು ಅವಳ ಕೈ ಹಿಡಿದು ನಾದಿನಿಯ ಹೊಟ್ಟೆಯ ಮೇಲೆ ಇಟ್ಟೆ. “ನೀವು ಎರಡು ಹೆತ್ತೋರು. ಕೂಸು ಎಲ್ಲಿರ್ತೈತೆ ಅಂತ ನಿಮಗೆ ನಾನು ಹೇಳಬೇಕಾ? ಇಲ್ಲಿ ಒತ್ತಿ ನೋಡ್ರಿ, ಏನೂ ಇಲ್ಲ. ಈಗ ಇಲ್ಲಿ ನೋಡ್ರಿ.” ಎಡಕ್ಕೆ ಸರಿಸಿ ಆ ಕಚ್ಚಿನ ಮೇಲೆ ಅವಳ ಬೆರಳಿಟ್ಟೆ. “ಕೂಸಿಗೆ ಹಿಂಗೆ ಅಂಚಿರ್ತೈತಾ?”

ಅವಳು ಬೆರಳನ್ನು ತೆಗೆಯಲಿಲ್ಲ. ಮತ್ತೆ ಮತ್ತೆ ಆ ಅಂಚನ್ನು ಮುಟ್ಟಿ ನೋಡಿದಳು. ಹುಡುಗಿ ಮೇಲಿನ ತೊಲೆ ನೋಡುತ್ತಾ ಮಲಗಿದ್ದಳು. ಅವಳ ಕಣ್ಣಿನಿಂದ ಕಿವಿಯ ಕಡೆಗೆ ನೀರು ಇಳಿಯುತ್ತಿತ್ತು.

ಜಗುಲಿಗೆ ಬಂದು ಅಣ್ಣನಿಗೂ ಹೇಳಿದೆ.

“ಊರೋರಿಗೆ ಏನು ಹೇಳ್ಲಿ?” ಎಂದ.

“ಜ್ವರಗಡ್ಡೆ ಅಂತ ಹೇಳ್ರಿ.”

“ನಂಬ್ತಾರೇನಮ್ಮ?”

“ನೀವು ನಂಬ್ತೀರಾ? ಮೊದ್ಲು ಅದು ಹೇಳ್ರಿ.”

ಅವನು ನೆಲ ನೋಡಿದ. ನನಗೆ ಸಿಟ್ಟು ಬಂತು. ಬಂದ ಗಾಡಿಯಲ್ಲೇ ಅವಳನ್ನು ಕೂರಿಸಿಕೊಂಡು ಹೊರಟೆ. ಬಾವಿಕಟ್ಟೆಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಸೂಲಗಿತ್ತಿ ಬಂದಿದ್ದಾಳೆ, ವಿಧವೆಯನ್ನು ಕರೆದುಕೊಂಡು ಹೋಗುತ್ತಿದ್ದಾಳೆ. ಅವರಿಗೆ ಇನ್ನೇನು ಬೇಕಿತ್ತು?

ನಮ್ಮ ಡಾಕ್ಟರು ಕೋಲಾರದ ಕಡೆಯವರು. ಐವತ್ತರ ಹತ್ತಿರದ ವಯಸ್ಸು. ಯೋಚನೆಗೆ ಬಿದ್ದರೆ ತಮ್ಮಷ್ಟಕ್ಕೆ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮಾರಿಕಣಿವೆ ಕಟ್ಟೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ನಮ್ಮ ಸೀಮೆಗೆ ಚಳಿಜ್ವರ ಕಾಯಮ್ಮಾಗಿ ಬಂದು ನೆಲಸಿತ್ತು. ಗಡ್ಡೆ ಇಟ್ಟುಕೊಂಡ ಹೊಟ್ಟೆಗಳನ್ನು ಅವರು ದಿನವೂ ನೋಡುತ್ತಿದ್ದರು. ಇವಳಿಗೂ ಎಲ್ಲರಿಗೆ ಕೊಡುವಂತೆ ಕ್ವಿನೈನ್ ಕೊಟ್ಟರು. ದವಾಖಾನೆಯಲ್ಲಿ ಹೆಂಗಸರು ಮಲಗಲು ಜಾಗವಿರಲಿಲ್ಲವಾದ್ದರಿಂದ ಅವಳನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಅವಳ ಮನೆಯವರೂ ನಾವೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಹಾಗಾಗಿ ನನ್ನ ಕೈಯ ಮುದ್ದೆ ಉಣ್ಣಲು ಅವಳಿಗೆ ಅಡ್ಡಿಯಿರಲಿಲ್ಲ.

ಎರಡು ವಾರವಾದರೂ ಜ್ವರ ಜಗ್ಗಲಿಲ್ಲ. ನಾನು ಹೊತ್ತುಹೊತ್ತಿಗೆ ಜ್ವರದ ಕಡ್ಡಿ ಇಟ್ಟು ಬರೆದುಕೊಳ್ಳುತ್ತಿದ್ದೆ. ದಿನಕ್ಕೆ ಎರಡು ಸಲ ಏರುತ್ತಿತ್ತು. ಡಾಕ್ಟರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, ಅವಳನ್ನು ಎದುರಿಗೆ ಕೂರಿಸಿಕೊಂಡರು.

“ನೀನು ಮದ್ರಾಸಿನಲ್ಲಿ ಎಲ್ಲಿದ್ದೆಯಮ್ಮ? ಎಂಥ ಮನೆ?”

“ಬಂದರಿನ ಕಡೆ ಸ್ವಾಮಿ. ಒಂದೇ ಕೋಣೆ. ಗೋಡೆ ಆಚೆ ಹಾಲಿನೋರ ಎಮ್ಮೆ ಕಟ್ತಿದ್ರು. ಗೋಡೆ ಯಾವಾಗ್ಲೂ ಒದ್ದೆ.”

“ನಿನ್ನ ಗಂಡನಿಗೆ ಏನಾಗಿತ್ತು?”

“ಇದೇ ಸ್ವಾಮಿ. ಮುಖ ಕಪ್ಪಾತು. ಹೊಟ್ಟೆ ಬಂತು. ಅವರಿಗೆ ಹೊಟ್ಟೆ ಬಂದಾಗ ಯಾರೂ ಏನೂ ಅನ್ನಲಿಲ್ಲ.”

ಡಾಕ್ಟರು ತೆಲುಗಿನಲ್ಲಿ ಏನೋ ಗೊಣಗಿಕೊಂಡು ಎದ್ದರು. ಅವಳ ರಕ್ತ ತೆಗೆದು ಕೊಳವೆಯಲ್ಲಿಟ್ಟು, ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿ, ಅದಕ್ಕೆ ಒಂದು ತೊಟ್ಟು ಫಾರ್ಮಲಿನ್ ಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ನೋಡುನೋಡುತ್ತಿದ್ದಂತೆ ಆ ತಿಳಿ ಬೆಳ್ಳಗಾಗಿ ಗಿಣ್ಣಿನ ಹಾಗೆ ಗಟ್ಟಿಯಾಯಿತು. ಅವರು ಕೊಳವೆಯನ್ನು ತಲೆಕೆಳಗು ಮಾಡಿ ತೋರಿಸಿದರು. ಬೀಳಲಿಲ್ಲ.

“ಕಾಲಾ ಅಜಾರ್, ಕಪ್ಪು ಜ್ವರ” ಎಂದರು. “ನಾನು ಓದುವಾಗ ಮದ್ರಾಸಿನ ಆಸ್ಪತ್ರೆಯಲ್ಲಿ ಇಂಥವರು ಸಾಲಾಗಿ ಮಲಗಿರುತ್ತಿದ್ದರು. ಒಬ್ಬರೂ ಉಳಿಯುತ್ತಿರಲಿಲ್ಲ. ಈಗ ಮದ್ದು ಬಂದಿದೆ.”

ಅವರು ಮದ್ರಾಸಿನ ತಮ್ಮ ಸಹಪಾಠಿಗೆ ಬರೆದರು. ಮದ್ದು ಗಾಜಿನ ಸಣ್ಣ ಕೊಳವೆಗಳಲ್ಲಿ ಬರುವಂಥದ್ದು. ರೈಲಿನಲ್ಲಿ ಹೊಳಲ್ಕೆರೆವರೆಗೆ ಸುರಕ್ಷಿತವಾಗಿ ಬಂದೀತು, ಅಲ್ಲಿಂದ ಟಪಾಲು ಗಾಡಿಯ ಕುಲುಕಾಟಕ್ಕೆ ಒಡೆದರೆ ಏನು ಮಾಡುವುದೆಂದು ಅವರಿಗೆ ಚಿಂತೆ. ತಂಗಿಯನ್ನು ನೋಡಲು ಬಂದು ಬಾಗಿಲಾಚೆಯೇ ನಿಂತಿದ್ದ ಅಣ್ಣನಿಗೆ ಇದು ಕೇಳಿಸಿತು.

“ನಾನು ಹೋಗಿ ತರ್ತೀನಿ” ಎಂದ. ಅಷ್ಟು ದಿನದಲ್ಲಿ ಅವನು ತಾನಾಗಿಯೇ ಆಡಿದ ಮೊದಲ ಮಾತು ಅದು.

ಚಿತ್ರದುರ್ಗದ ಮೇಲೆ ಹೊಳಲ್ಕೆರೆಗೆ ಹೋಗಿ, ಪಾರ್ಸೆಲ್ಲು ಬರುವವರೆಗೆ ಎರಡು ದಿನ ಸ್ಟೇಷನ್ನಿನಲ್ಲೇ ಕಾದು, ವಾರದ ಹೊತ್ತಿಗೆ ವಾಪಸಾದ. ಆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಗಾಡಿಯ ಮೇಲೆ ಇಡದೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದನಂತೆ. ಒಂದೂ ಒಡೆದಿರಲಿಲ್ಲ. ತಂಗಿಯ ಎದುರಿಗೆ ಪೆಟ್ಟಿಗೆ ಇಟ್ಟು, “ಉಂಡಿಯೇನೆ?” ಎಂದ. ಅವಳು “ಹೂಂ ಅಣ್ಣ” ಎಂದಳು. ಅಷ್ಟೇ ಮಾತು.

ಸೂಜಿ ದಿನ ಬಿಟ್ಟು ದಿನ. ರಕ್ತನಾಳಕ್ಕೇ ಹಾಕಬೇಕಾಗಿತ್ತು. ಅವಳ ತೋಳಿನಲ್ಲಿ ನಾಳ ಹುಡುಕುವುದೇ ಕಷ್ಟ. ಮದ್ದು ಒಳಗೆ ಹೋದ ಕ್ಷಣವೇ ಕೆಮ್ಮು ಹತ್ತಿಕೊಳ್ಳುತ್ತಿತ್ತು, ಎದೆ ಕಿತ್ತು ಬರುವಂಥ ಕೆಮ್ಮು. ಆಮೇಲೆ ವಾಂತಿ, ಮಾರನೆಯ ದಿನ ಕೀಲುಕೀಲಿಗೂ ನೋವು. ಮೊದಲ ತಿಂಗಳು ನನಗೇ ಸಂಶಯ ಬಂದಿತ್ತು, ನಾವು ಇವಳನ್ನು ಇನ್ನಷ್ಟು ಬೇಗ ಸಾಯಿಸುತ್ತಿದ್ದೇವೆಯೋ ಎಂದು. ಒಂದು ಬೆಳಗ್ಗೆ ಅವಳು ದವಾಖಾನೆಗೆ ಬರಲು ಒಪ್ಪಲಿಲ್ಲ.

“ಬ್ಯಾಡಕ್ಕ. ಸಾಕು. ಸತ್ರೆ ಸಾಯ್ತೀನಿ.”

“ಈಗ ಸತ್ರೆ ನಿಂಗೆ ಗೊತ್ತಲ್ಲ, ಊರೋರು ಏನಂತಾರೆ ಅಂತ. ಹೊಟ್ಟೆ ಹಂಗೇ ಇಟ್ಕಂಡು ಸಾಯ್ತೀಯಾ? ಏಳು, ಹೋಗಾಣ.”

ಕ್ರೂರವಾದ ಮಾತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಎದ್ದು ಬಂದಳು.

ಡಾಕ್ಟರಿಗೆ ಇನ್ನೊಂದು ಚಿಂತೆ ಇತ್ತು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆಂದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ತಿಗಣೆ ಎಂದು ಕೆಲವರು, ಸೊಳ್ಳೆ ಎಂದು ಕೆಲವರು ಹೇಳುತ್ತಿದ್ದರಂತೆ. ಈಚೆಗೆ ಕಲ್ಕತ್ತೆಯ ಕಡೆಯ ವೈದ್ಯರಿಗೆ ಒಂದು ನುಸಿಯ ಮೇಲೆ ಅನುಮಾನ ಬಂದಿದೆ ಎಂದು ಅವರು ನನಗೆ ಹೇಳಿದರು. ಇಂಗ್ಲಿಷಿನಲ್ಲಿ ಅದಕ್ಕೆ ಮರಳು ನೊಣ ಎಂಬ ಅರ್ಥದ ಹೆಸರಿದೆಯಂತೆ. ಮರಳಿಗೂ ಅದಕ್ಕೂ ಏನು ಸಂಬಂಧವೋ ತಿಳಿಯದು. ಅದು ಇರುವುದು ಹಳೆಯ ಗೋಡೆಗಳ ಬಿರುಕಿನಲ್ಲಿ, ಕೊಟ್ಟಿಗೆಯ ಒದ್ದೆ ಮಣ್ಣಿನಲ್ಲಿ.

ನಾನು ಮನೆಗೆ ಬಂದು ಅವಳಿಗೆ ಹೇಳಿದೆ. ಅವಳು ತಕ್ಷಣ ತಲೆಯೆತ್ತಿದಳು.

“ಗೊತ್ತಕ್ಕ ಅದು. ಸೊಳ್ಳೆಗಿಂತ ಸಣ್ಣದು. ಬಣ್ಣ ಹುಲ್ಲಿನಂಗೆ. ಕೂತ್ರೆ ರೆಕ್ಕೆ ಮಡಚಲ್ಲ, ಮ್ಯಾಲಕ್ಕೆ ಎತ್ತಿಕಂಡೇ ಕೂರ್ತೈತೆ. ಸದ್ದು ಮಾಡಲ್ಲ. ಹಾರೋದೂ ಇಲ್ಲ ಸರಿಯಾಗಿ, ಕುಪ್ಪಳಿಸ್ತೈತೆ. ಮದ್ರಾಸಿನಾಗೆ ಸಂಜೆ ಆದ್ರೆ ಕಾಲ ಗಂಟಿನ ಹತ್ರ ಕಡೀತಿತ್ತು. ಸೊಳ್ಳೆಪರದೆ ತಂದ್ವಿ. ಅದರ ಕಣ್ಣಿನಾಗೂ ತೂರಿ ಬರ್ತಿತ್ತು.” ಗೋಡೆಯ ಕಡೆ ನೋಡಿ, “ಇಲ್ಲೂ ಅವೆ” ಎಂದಳು.

“ಎಲ್ಲಿ?”

ಅವಳು ಎದ್ದು ಕೊಟ್ಟಿಗೆಯ ಕಡೆಯ ಗೋಡೆಯ ಹತ್ತಿರ ಹೋಗಿ, ಗಿಲಾವು ಉದುರಿದ ಒಂದು ಸಂದಿಗೆ ಊದಿದಳು. ಧೂಳಿನ ಕಣಗಳಂತೆ ಎರಡು ಮೂರು ಹೊರಗೆ ಹಾರಿ, ಒಂದು ಗೇಣು ದೂರದಲ್ಲಿ ಮತ್ತೆ ಗೋಡೆಗೇ ಕೂತವು. ರೆಕ್ಕೆಗಳು ಎತ್ತಿದಂತೆಯೇ ಇದ್ದವು. ನಾನು ಆ ಮನೆಯಲ್ಲಿ ಐದು ವರ್ಷದಿಂದ ಇದ್ದೆ, ಒಂದು ದಿನವೂ ಅವನ್ನು ಕಂಡಿರಲಿಲ್ಲ.

ಮಾರನೆಯ ದಿನ ಡಾಕ್ಟರು ಗಾಜಿನ ಕೊಳವೆಗಳನ್ನು ಕೊಟ್ಟರು. ಹಿಡಿಯುವುದು ನನ್ನ ಕೈಲಾಗಲಿಲ್ಲ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಅವಳು ಕೊಳವೆಯ ಬಾಯನ್ನು ಗೋಡೆಯ ಮೇಲೆ ಮೆಲ್ಲಗೆ ಕವುಚಿ, ನುಸಿ ತಾನಾಗಿ ಮೇಲಕ್ಕೆ ಕುಪ್ಪಳಿಸುವವರೆಗೆ ಕಾದು, ಆಮೇಲೆ ಅರಳೆ ತುರುಕುತ್ತಿದ್ದಳು. ಡಾಕ್ಟರು ಭೂತಗನ್ನಡಿಯಲ್ಲಿ ನೋಡಿ, ತನಗೂ ಒಂದು ಸಲ ತೋರಿಸಿ ಎಂದು ಅವಳು ಕೇಳಿದಾಗ ಕೊಟ್ಟರು. ಒಂದು ಕಣ್ಣು ಮುಚ್ಚಿ ನೋಡಿದಳು.

“ಅಯ್ಯೋ, ಮೈ ತುಂಬ ಕೂದಲು!” ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆಮೇಲೆ ನಗು ನಿಲ್ಲಿಸಿ, “ಇದೇನಾ ಸ್ವಾಮಿ ಅವರನ್ನ ತಿಂದಿದ್ದು?” ಎಂದಳು.

“ಅನುಮಾನ ಅಷ್ಟೇ ಅಮ್ಮ. ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ.”

ಅನುಮಾನವೇ ಸಾಕಾಗಿತ್ತು. ಇವಳನ್ನು ಕಚ್ಚಿದ ನುಸಿ ಪಕ್ಕದ ಮನೆಯ ಮಕ್ಕಳನ್ನು ಕಚ್ಚಿದರೆ? ಗೋಡೆಗಳ ಸಂದು ಮುಚ್ಚಿ, ಸುಣ್ಣ ಬಳಿದು, ಇವಳನ್ನು ಕೊಟ್ಟಿಗೆಯಿಂದ ದೂರ, ಮಂಚದ ಮೇಲೆ ತೆಳು ಬಟ್ಟೆಯ ಪರದೆಯೊಳಗೆ ಮಲಗಿಸಿ ಎಂದು ಡಾಕ್ಟರು ಹೇಳಿದರು. ನಾವಿಬ್ಬರೂ ಮಣ್ಣು ಕಲಸಿ ಗೋಡೆಗಳಿಗೆ ಮೆತ್ತಿದೆವು. ಅವಳು ಹತ್ತು ನಿಮಿಷ ಕೆಲಸ ಮಾಡಿದರೆ ಇಪ್ಪತ್ತು ನಿಮಿಷ ಕೂರಬೇಕಾಗಿತ್ತು. ಆದರೂ ಬಿಡಲಿಲ್ಲ. ಪಕ್ಕದವರ ಕೊಟ್ಟಿಗೆಗೂ ಮೆತ್ತಿ ಕೊಡುತ್ತೇವೆ ಎಂದು ಕೇಳಲು ಹೋದಾಗ ಆ ಮನೆಯಾಕೆ, “ನಮ್ಮ ದನಕ್ಕೆ ಇಲ್ಲದ ರೋಗ ನಿಮಗೆ ಎಲ್ಲಿಂದ ಬಂತು?” ಎಂದಳು. ಆಮೇಲೆ ಏನು ಅನಿಸಿತೋ, ಒಂದು ಬುಟ್ಟಿ ಸುಣ್ಣದ ಹರಳು ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋದಳು. ಕೊಟ್ಟಿಗೆಗೂ ಬಳಿದೆವು.

ಇಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿತ್ತು. ದವಾಖಾನೆ ಅಮ್ಮ ಬಸುರಾದ ವಿಧವೆಯನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ, ಸೂಜಿ ಹಾಕಿಸಿ ತೆಗೆಸುತ್ತಿದ್ದಾಳೆ ಎಂದು. ಹೆರಿಗೆಗೆ ಕರೆಯುವವರು ಕಡಿಮೆಯಾದರು. ಜವನಗೊಂಡನಹಳ್ಳಿಯ ಒಬ್ಬ ಬಸುರಿ ಏಳನೆಯ ತಿಂಗಳಿಂದ ನನ್ನ ಹತ್ತಿರ ತೋರಿಸಿಕೊಳ್ಳುತ್ತಿದ್ದಳು. ಹೆರಿಗೆಯ ದಿನ ಅವಳ ಅತ್ತೆ ನನ್ನನ್ನು ಕರೆಯಲಿಲ್ಲ. ಮಗು ಅಡ್ಡಬಂದಿತ್ತಂತೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆ ಸುದ್ದಿ ಕೇಳಿ ನಾನು ಮನೆಯಲ್ಲಿ ಈ ಹುಡುಗಿಯ ಮೇಲೆ ರೇಗಿದೆ. ಕಾರಣವೇನೂ ಇರಲಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ರೇಗಿದೆ. ಅವಳಿಗೆ ಎಲ್ಲ ಗೊತ್ತಿತ್ತು.

“ನನ್ನ ಕಳಿಸಿಬಿಡಕ್ಕ” ಎಂದಳು.

“ಕಳಿಸಾಕೆ ಕರಕಂಡು ಬಂದಿಲ್ಲ” ಎಂದೆ. ಆದರೆ ಆ ಗಳಿಗೆಯಲ್ಲಿ ಕಳಿಸಿಬಿಡಬೇಕೆಂದು ಒಂದು ಸಲ ಮನಸ್ಸಿಗೆ ಬಂದಿದ್ದು ನಿಜ. ಇಷ್ಟು ವರ್ಷದ ಮೇಲೆ ಅದನ್ನು ಮುಚ್ಚಿಟ್ಟು ಏನಾಗಬೇಕು?

ಎರಡನೆಯ ತಿಂಗಳ ಕೊನೆಗೆ ಜ್ವರ ಇಳಿಯಿತು. ಮೊದಲು ಸಂಜೆಯದು ನಿಂತಿತು, ಆಮೇಲೆ ಬೆಳಗಿನದೂ. ಗಡ್ಡೆ ವಾರಕ್ಕೊಂದು ಬೆರಳಿನಷ್ಟು ಮೇಲಕ್ಕೆ ಸರಿಯತೊಡಗಿತು. ಪ್ರತಿ ಸೋಮವಾರ ಸ್ನಾನವಾದ ಮೇಲೆ ನಾನು ಮುಟ್ಟಿ ನೋಡಿ, ಇದ್ದಿಲಿನಿಂದ ಅವಳ ಹೊಟ್ಟೆಯ ಮೇಲೆ ಗುರುತು ಹಾಕುತ್ತಿದ್ದೆ. ಅವಳು ತಲೆಯೆತ್ತಿ ಹಿಂದಿನ ವಾರದ ಗುರುತಿಗೂ ಇದಕ್ಕೂ ಎಷ್ಟು ದೂರವೆಂದು ನೋಡುತ್ತಿದ್ದಳು. ಒಂದು ದಿನ ಹಾಗೆ ಮಲಗಿದ್ದಾಗಲೇ ಕೇಳಿದಳು:

“ಅವರಿಗೂ ಈ ಸೂಜಿ ಹಾಕಿದ್ರೆ ಉಳೀತಿದ್ರೇನಕ್ಕ?”

ನನಗೆ ಉತ್ತರ ಗೊತ್ತಿತ್ತು. ಆ ಮದ್ದು ಅವನು ಬದುಕಿದ್ದಾಗಲೂ ಮದ್ರಾಸಿನಲ್ಲಿ ಇತ್ತು. ಅವರ ಮನೆಯಿಂದ ನಡೆದು ಹೋಗುವಷ್ಟು ದೂರದ ಆಸ್ಪತ್ರೆಯಲ್ಲಿ ಇತ್ತು. ಅವರಿಗೆ ಹೇಳುವವರು ಇರಲಿಲ್ಲ. ನಾನು “ಗೊತ್ತಿಲ್ಲಮ್ಮ” ಎಂದೆ. ಅವಳು ಡಾಕ್ಟರನ್ನೂ ಕೇಳಿದಳಂತೆ. ಅವರು ಸುಳ್ಳು ಹೇಳಲಿಲ್ಲ. ಆ ದಿನ ದವಾಖಾನೆಯಿಂದ ಬಂದವಳು ಬಾಗಿಲ ಹೊಸ್ತಿಲಲ್ಲೇ ಕೂತುಬಿಟ್ಟಳು. ಗಂಡ ಸತ್ತ ಮೇಲೆ ಅತ್ತು ಮುಗಿದಿದೆ ಎಂದುಕೊಂಡಿದ್ದಳಂತೆ. ಇನ್ನೊಂದು ಸಲ ಅಳಬೇಕಾಯಿತು. ನಾನು ಪಕ್ಕದಲ್ಲಿ ಕೂತೆ. ನನ್ನ ಗಂಡನ ಮುಖ ನನಗೆ ಸರಿಯಾಗಿ ನೆನಪೂ ಇಲ್ಲ. ಅವಳ ದುಃಖ ಕಂಡು ಮೊದಲ ಸಲ ನನಗೆ ಅದೊಂದು ಕೊರತೆ ಅನ್ನಿಸಿತು.

ಅತ್ತಿಗೆ ಬಂದಿದ್ದು ಅವಳನ್ನು ನಾನು ಕರೆತಂದ ಐದನೆಯ ತಿಂಗಳಿಗೆ. ಯಾಕೆ ಬಂದಳೆಂದು ನನಗೆ ತಿಳಿಯದೆ ಇರಲಿಲ್ಲ. ತಿಂಗಳು ಎಣಿಸಿಕೊಂಡೇ ಬಂದಿದ್ದಳು. ನಾಲ್ಕೂ ಐದೂ ಒಂಬತ್ತು. ಹುಡುಗಿ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ತಲೆಯಲ್ಲಿ ಹೊಸ ಕೂದಲು ಗಿಡ್ಡಗೆ ಎದ್ದು ನಿಂತಿತ್ತು, ಮುಖದ ಕಪ್ಪು ತಿಳಿಯಾಗಿತ್ತು, ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಕೆಳಗೆ ಹೊಟ್ಟೆ ಎಲ್ಲರ ಹೊಟ್ಟೆಯ ಹಾಗೆ ಇತ್ತು. ಆ ತಿಂಗಳು ಮುಟ್ಟೂ ಆಗಿದ್ದಳು. ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

“ನಾನು ಪಾಪಿ ಕಣೇ” ಎಂದು ಅಲ್ಲೇ ಕುಸಿದಳು. ನನ್ನ ಕಡೆ ತಿರುಗಿ, “ನಿಮ್ಮ ಹತ್ರ ಬರೋಕೆ ಮೊದ್ಲು ಎರಡು ಸಲ ಇವಳಿಗೆ ಕಷಾಯ ಕುಡಿಸಿದ್ದೆ ಕಣ್ರಮ್ಮ. ಬಸುರು ಇಳೀಲಿ ಅಂತ. ವಾಂತಿ ಭೇದಿ ಆಗಿ ಸಾಯಂಗಾಗಿದ್ಲು” ಎಂದಳು.

ಇದು ನನಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳು ಒಂದೇ ಸೂರಿನಡಿ ಇದ್ದರೂ ಹುಡುಗಿ ಹೇಳಿರಲಿಲ್ಲ. “ಬಸುರಲ್ಲ ಅಂತ ನಿಂಗೆ ಗೊತ್ತಿತ್ತಲ್ಲ. ಯಾಕೆ ಕುಡಿದೆ?” ಎಂದು ಕೇಳಿದೆ.

ಅವಳು ಹಿಂಡಿದ ಸೀರೆಯನ್ನು ಕೊಡವಿ ಹಗ್ಗದ ಮೇಲೆ ಹಾಕಿದಳು. “ಕುಡಿದ ಮ್ಯಾಲೂ ಏನೂ ಬೀಳಲಿಲ್ಲ ಅಂದ್ರೆ ಅತ್ತಿಗೆ ನಂಬ್ತಾಳೆ ಅಂದ್ಕಂಡೆ” ಎಂದಳು.

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿ ಹತ್ತಿರ ಹೋಗಿ, ಒದ್ದೆ ಕೈಯಲ್ಲೇ ಅವಳ ಭುಜ ಹಿಡಿದು ಎಬ್ಬಿಸಿ, “ಏಳತ್ತಿಗೆ, ಹೊತ್ತಾತು. ಏನಾದ್ರೂ ಉಂಡಿದೀಯಾ?” ಎಂದಳು. ನಾನಾಗಿದ್ದರೆ ಎಬ್ಬಿಸುತ್ತಿದ್ದೆನೋ ಇಲ್ಲವೋ.

ಮದ್ದು ಮುಗಿದ ಮೇಲೆ ಅವಳು ಊರಿಗೆ ಹೋಗುತ್ತೇನೆ ಎಂದಳು. ನನಗೆ ಬೇಜಾರಾಯಿತು. ಇಲ್ಲೇ ಇರು, ನಿನಗೂ ಈ ಕೆಲಸ ಕಲಿಸುತ್ತೇನೆ ಎಂದು ನಾನು ಮನಸ್ಸಿನಲ್ಲೇ ಎಲ್ಲ ಲೆಕ್ಕ ಹಾಕಿಕೊಂಡಿದ್ದೆ. ಅವಳು ಒಪ್ಪಲಿಲ್ಲ. “ನಾನು ಹೋಗಲಿಲ್ಲ ಅಂದ್ರೆ ಅವರು ಹೇಳಿದ್ದೇ ನಿಜ ಆಗ್ತೈತಕ್ಕ” ಎಂದಳು. ಅಣ್ಣ ಗಾಡಿ ತಂದ. ನಾನೂ ಜೊತೆಗೆ ಹೊರಟೆ. ಊರ ಮುಂದಿನ ಬೇವಿನ ಮರದ ಹತ್ತಿರ ಅವಳು ಗಾಡಿ ನಿಲ್ಲಿಸು ಎಂದು ಇಳಿದಳು. ಬೆಳಗಿನ ಹತ್ತು ಗಂಟೆಯ ಬಿಸಿಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯ ನಡುವೆ ನಡೆದಳು. ಬಾವಿಕಟ್ಟೆಯ ಹತ್ತಿರ ನಿಂತು, ಒಬ್ಬಳ ಕೈಯಿಂದ ಹಗ್ಗ ಇಸಿದುಕೊಂಡು ತಾನೇ ಒಂದು ಕೊಡ ನೀರು ಸೇದಿಕೊಟ್ಟಳು. “ಚೆನ್ನಾಗಿದೀಯಾ ದೊಡ್ಡಮ್ಮ?” ಎಂದು ಒಬ್ಬ ಮುದುಕಿಯನ್ನು ಕೇಳಿದಳು. ಮುದುಕಿ ಅವಳ ಹೊಟ್ಟೆಯ ಕಡೆ ನೋಡಿ, ಮುಖದ ಕಡೆ ನೋಡಿ, “ಸೊರಗಿದೀಯಲ್ಲೇ ತಾಯಿ” ಎಂದಳು. ಅಣ್ಣ ಎತ್ತಿನ ಮೂಗುದಾರ ಹಿಡಿದುಕೊಂಡು ಅವಳ ಹಿಂದೆ ನಡೆದು ಬಂದ.

ಎಲ್ಲರೂ ನಂಬಿದರೆಂದು ಹೇಳಲಾರೆ. ನಂಬದವರು ಕೊನೆಯವರೆಗೂ ನಂಬಲಿಲ್ಲ. ನನ್ನನ್ನು ಹೆರಿಗೆಗೆ ಕರೆಯುವುದು ಮತ್ತೆ ಶುರುವಾಗಲು ಒಂದು ವರ್ಷ ಹಿಡಿಯಿತು. ಡಾಕ್ಟರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಹೋಗುವಾಗ ನನಗೆ ಭೂತಗನ್ನಡಿ ಕೊಟ್ಟು ಹೋದರು. ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಆ ಕಾಯಿಲೆ ಬರಲಿಲ್ಲ. ಅದು ನಾವು ಸುಣ್ಣ ಬಳಿದಿದ್ದಕ್ಕೋ, ಇಲ್ಲಿನ ನುಸಿಗೆ ಅದನ್ನು ದಾಟಿಸುವ ಶಕ್ತಿ ಇರಲಿಲ್ಲವೋ, ನನಗೆ ಗೊತ್ತಿಲ್ಲ.

ಅವಳಿಗೆ ಮೂರು ವರ್ಷದ ಮೇಲೆ ಕೆನ್ನೆಯ ಮೇಲೂ ತೋಳಿನ ಮೇಲೂ ಬಿಳಿಚಿದ ಮಚ್ಚೆಗಳು ಎದ್ದವು. ಮತ್ತೆ ಜನ ತೊನ್ನು ಎಂದರು, ಇನ್ನೂ ಕೆಟ್ಟದ್ದನ್ನೂ ಅಂದರು. ಹೊಸದುರ್ಗಕ್ಕೆ ಹೋಗಿ ಹಳೆಯ ಡಾಕ್ಟರಿಗೆ ತೋರಿಸಿದೆವು. ಇದು ಆ ಕಾಯಿಲೆಯದೇ ಶೇಷ ಎಂದು ಇನ್ನಷ್ಟು ಸೂಜಿ ಹಾಕಿದರು. ಸ್ವಲ್ಪ ಮಾಸಿದವು, ಪೂರ್ತಿ ಹೋಗಲಿಲ್ಲ. ಅಷ್ಟು ಹೊತ್ತಿಗೆ ಅವಳು ಜನರ ಮಾತಿಗೆ ಕಿವಿ ಕೊಡುವುದನ್ನು ಬಿಟ್ಟಿದ್ದಳು. ಅಣ್ಣ ಬಿಟ್ಟುಕೊಟ್ಟ ತುಂಡು ಹೊಲದಲ್ಲಿ ಜೋಳ, ಕಡಲೆ ಬೆಳೆದುಕೊಂಡು, ಅತ್ತಿಗೆಯ ಮಕ್ಕಳನ್ನು ಬೆಳೆಸಿಕೊಂಡು ಇದ್ದಳು. ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ಜ್ವರ ತಿಂಗಳು ದಾಟಿದರೆ, ಹೊಟ್ಟೆ ಮುಟ್ಟಿ ನೋಡಿ, ಬರೆ ಹಾಕುವವರ ಹತ್ತಿರ ಹೋಗಗೊಡದೆ ಗಾಡಿ ಕಟ್ಟಿಸಿ ದವಾಖಾನೆಗೆ ಕರೆತರುತ್ತಿದ್ದಳು. ಬಂದವರೆಲ್ಲ ಚಳಿಜ್ವರದವರೇ. ಕ್ವಿನೈನಿಗೆ ಇಳಿಯುತ್ತಿತ್ತು.

ಬಹಳ ಕಾಲದ ಮೇಲೆ, ನಾನು ಕೆಲಸದಿಂದ ನಿವೃತ್ತಳಾದ ನಂತರ, ಆ ನುಸಿಯ ವಿಷಯ ಸಂಶಯವಿಲ್ಲದೆ ತೀರ್ಮಾನವಾಗಿದೆ ಎಂದು ಹೊಸ ಡಾಕ್ಟರೊಬ್ಬರು ಮಾತಿನ ನಡುವೆ ಹೇಳಿದರು. ಕಾಲಾ ಅಜಾರನ್ನು ದಾಟಿಸುವುದು ಅದೇ. ಮೂರು ದಿನ ಮೈ ಮುರಿದು ಬಿಟ್ಟುಹೋಗುವ ಇನ್ನೊಂದು ಜ್ವರವನ್ನೂ ಅದರ ಕುಲವೇ ತರುತ್ತದಂತೆ. ನಾನು ಆ ವಾರವೇ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಅವಳಿಗೂ ಆಗ ತಲೆ ಬೆಳ್ಳಗಾಗಿತ್ತು. ಜಗುಲಿಯಲ್ಲಿ ಕೂತು ಕಡಲೆ ಕೇರುತ್ತಿದ್ದಳು.

“ಬರ್ರಿ ಅಕ್ಕ, ಕುಂತ್ಕಳ್ರಿ” ಎಂದು ಚಾಪೆ ಹಾಸಿದಳು. ನಾನು ಹೇಳಿದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

“ಹಂಗಾದ್ರೆ ಅದೇ ಅನ್ರಿ” ಎಂದಳು. ಬೀದಿಯ ಕಡೆ ನೋಡಿ, “ಮದ್ರಾಸಿನ ಆ ಕೋಣೆ ಇನ್ನೂ ಐತೋ ಏನೋ. ಈಗ ಅದರಾಗೆ ಯಾರಿದಾರೋ” ಎಂದಳು.

ಆ ಬೀದಿಯ ಹೆಸರು ನೆನಪಿದೆಯಾ ಎಂದು ಕೇಳಿದೆ. ಇತ್ತು. ನಾನು ಚೀಲದಿಂದ ಒಂದು ಕಾರ್ಡು ತೆಗೆದೆ. ಆ ಬೀದಿಯ ಮನೆಗಳನ್ನು ಯಾರಾದರೂ ಹೋಗಿ ನೋಡಬೇಕೆಂದು ಮದ್ರಾಸಿನ ಆರೋಗ್ಯದ ಕಚೇರಿಗೆ, ಅವಳು ಹೇಳಿದ ಹಾಗೆ ಬರೆದೆ. ಎಮ್ಮೆ ಕಟ್ಟುತ್ತಿದ್ದ ಜಾಗ, ಒದ್ದೆ ಗೋಡೆ, ಬಾಗಿಲು ಯಾವ ದಿಕ್ಕಿಗೆ, ಎಲ್ಲ ಬರೆಸಿದಳು. ಉತ್ತರ ಬರಲಿಲ್ಲ. ಬರುತ್ತದೆಂದು ನಾವು ಕಾದೂ ಇರಲಿಲ್ಲ. ಕಾರ್ಡನ್ನು ಐಮಂಗಲದ ಟಪಾಲು ಡಬ್ಬಕ್ಕೆ ಹಾಕಲು ಬಿಸಿಲಲ್ಲಿ ಅವಳೂ ನನ್ನ ಜೊತೆ ನಡೆದು ಬಂದಳು.